ಯಹೂದಿ ಗೋರಿಕಲ್ಲುಗಳ ಡೇಟಾಬೇಸ್: ಯಾವುದನ್ನು ನೋಡಬೇಕು, ನಮ್ಮದನ್ನು ಹೇಗೆ ಕಟ್ಟಬೇಕು, ನಕ್ಷೆಗೆ ಹೇಗೆ ಏರಿಸಬೇಕು?

ಕಲ್ಬರಹ:
ಶಾಸನ ಓದುವ ಅಭ್ಯಾಸ ಇರುವವರಿಗೆ ಒಂದು ಪ್ರಶ್ನೆ. ಹಿಬ್ರೂ ಗೋರಿಕಲ್ಲುಗಳ ಪಾಠವನ್ನು (ಕಲ್ಲಿನ ಮೇಲಿನ ಬರಹವನ್ನು) ಹುಡುಕಲು ಈಗ ಯಾವ ಯಾವ ಡೇಟಾಬೇಸ್‌ಗಳು ನಂಬಿಕೆಗೆ ಅರ್ಹ? ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರಿಂದ ಇರುವ ಯಹೂದಿ ಸ್ಮಶಾನದಂಥ ಸಣ್ಣ ಜಾಗವನ್ನು ದಾಖಲಿಸಬೇಕೆಂದರೆ, ಆ ದೊಡ್ಡ ಡೇಟಾಬೇಸ್‌ಗಳಿಗೆ ಮುಂದೆ ಹೊಂದುವ ಹಾಗೆ ಮೊದಲ ದಿನದಿಂದಲೇ ಏನು ಮಾಡಬೇಕು? ಎಕ್ಸೆಲ್ ಹಾಳೆ ಸಾಕೇ? ಪ್ರತಿ ಕಲ್ಲಿನ ಪಕ್ಕ ನಿಂತು ಫೋನಿನಲ್ಲಿ ಜಿಪಿಎಸ್ ತೆಗೆದುಕೊಂಡರೆ ನಕ್ಷೆ ಆಗುತ್ತದೆಯೇ?

ರೈನ್ ದಡ:
ಮೊದಲ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಎರಡು ಜಾತಿ ಬೇರೆ ಮಾಡಿಕೊಳ್ಳಿ. ಒಂದು, ವಂಶಾವಳಿ ಹುಡುಕುವವರಿಗಾಗಿ ಇರುವ ಹೆಸರಿನ ಪಟ್ಟಿ. ಇನ್ನೊಂದು, ಶಾಸನದ ಪಾಠಕ್ಕಾಗಿ ಇರುವ ಸಂಪಾದಿತ ಸಂಗ್ರಹ. ಎರಡನ್ನೂ ‘ಡೇಟಾಬೇಸ್’ ಎಂದೇ ಕರೆಯುವುದರಿಂದ ಗೊಂದಲ.

ಮೊದಲ ಜಾತಿಯಲ್ಲಿ ದೊಡ್ಡದು ಯಹೂದಿ ವಂಶಾವಳಿಯ ಜಾಲತಾಣ ಜ್ಯೂಯಿಷ್‌ಜೆನ್‌ನವರ ಜೋಬರ್. 40 ಲಕ್ಷಕ್ಕೂ ಹೆಚ್ಚು ಸಮಾಧಿ ದಾಖಲೆಗಳಿವೆ. ಹೆಸರು, ತಾರೀಖು, ಊರು, ಕೆಲವಕ್ಕೆ ಫೋಟೋ. ಕಲ್ಲಿನ ಪೂರ್ತಿ ಪಾಠ ಸಾಮಾನ್ಯವಾಗಿ ಇರುವುದಿಲ್ಲ. ಫೈಂಡ್ ಎ ಗ್ರೇವ್, ಬಿಲಿಯನ್‌ಗ್ರೇವ್ಸ್ ಕೂಡ ಈ ಜಾತಿಯವೇ. ಪೋಲೆಂಡಿನ ಸ್ಮಶಾನಗಳಿಗೆ ಅಲ್ಲಿನ ಯಹೂದಿ ಸ್ಮಶಾನ ದಾಖಲಾತಿ ಪ್ರತಿಷ್ಠಾನದ ಪಟ್ಟಿ ಇದೆ. ಅದರಲ್ಲಿ ವಿಭಾಗ, ಸಾಲು, ಸಾಲಿನೊಳಗಿನ ಸಂಖ್ಯೆ ಸಿಗುತ್ತವೆ. ಆ ಒಂದು ಕಾರಣಕ್ಕೇ ಅದು ಬಹಳ ಉಪಯುಕ್ತ.

ಎರಡನೆಯ ಜಾತಿಗೆ ಮಾದರಿ ಎಪಿಡಾಟ್. ಜರ್ಮನಿಯ ಎಸ್ಸೆನ್‌ನಲ್ಲಿರುವ ಸ್ಟೈನ್‌ಹೈಮ್ ಸಂಸ್ಥೆಯದು. ವರ್ಮ್ಸ್, ಫ್ರಾಂಕ್‌ಫರ್ಟ್, 1611ರಲ್ಲಿ ಶುರುವಾದ ಹ್ಯಾಂಬರ್ಗ್-ಆಲ್ಟೋನಾ, ಇನ್ನೂ ನೂರಾರು ಊರುಗಳ ಕಲ್ಲುಗಳು ಅಲ್ಲಿವೆ. ಹಿಬ್ರೂ ಪಾಠ, ಜರ್ಮನ್ ಅನುವಾದ, ಟಿಪ್ಪಣಿ, ಚಿತ್ರ, ಎಲ್ಲವೂ ಒಂದೇ ಪುಟದಲ್ಲಿ. ಪ್ರತಿ ಶಾಸನವನ್ನೂ ಎಕ್ಸ್‌ಎಂಎಲ್ ಕಡತವಾಗಿ ಇಳಿಸಿಕೊಳ್ಳಬಹುದು. ಆಕರ ಹೇಳಿ ಮರುಬಳಕೆ ಮಾಡಲು ಅನುಮತಿ ಕೊಟ್ಟಿದ್ದಾರೆ. ಪ್ರಾಚೀನ ಕಾಲಕ್ಕೆ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಇಸ್ರೇಲ್-ಪ್ಯಾಲೆಸ್ಟೈನ್ ಶಾಸನಗಳ ಸಂಗ್ರಹ ನೋಡಿ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಿಂದ ಹೊರಟ ಪೀಸ್ ಪೋರ್ಟಲ್ ಈ ಎರಡನ್ನೂ ತನ್ನಲ್ಲಿರುವ ಪ್ರಾಚೀನ ಶಾಸನಗಳನ್ನೂ ಒಂದೇ ಹುಡುಕುಪೆಟ್ಟಿಗೆಗೆ ತಂದಿದೆ. ಹೀಗೆ ಜೋಡಿಸಲು ಸಾಧ್ಯವಾದದ್ದು ಅವರೆಲ್ಲರೂ ಶಾಸನದ ಪಾಠವನ್ನು ಎಕ್ಸ್‌ಎಂಎಲ್ ಟ್ಯಾಗ್ ಹಾಕಿ ಬರೆಯುವ ಎಪಿಡಾಕ್ ಎಂಬ ಒಂದೇ ಗುರುತುಪದ್ಧತಿಯ ಸುತ್ತ ಕೆಲಸ ಮಾಡಿದ್ದರಿಂದ. ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಅಲೆಫ್ ಬೇತ್:
ಉಳಿದರ್ಧ ನಾನು ಹೇಳುತ್ತೇನೆ. ಎಕ್ಸೆಲ್ ಸಾಕು, ಆದರೆ ಕಂಬಸಾಲುಗಳನ್ನು ಸರಿಯಾಗಿ ಒಡೆಯಬೇಕು. ಕಣ್ಣಿಗೆ ಕಂಡದ್ದು, ನೀವು ತುಂಬಿದ್ದು, ನೀವು ಅರ್ಥ ಮಾಡಿಕೊಂಡದ್ದು, ಈ ಮೂರು ಒಂದೇ ಕೋಶದಲ್ಲಿ ಇರಕೂಡದು. ಹತ್ತಕ್ಕೆ ಒಂಬತ್ತು ಹವ್ಯಾಸಿ ಪಟ್ಟಿಗಳು ಕೆಡುವುದು ಇಲ್ಲೇ.

ಉದಾಹರಣೆ ಕೊಡುತ್ತೇನೆ. ಕಲ್ಲಿನ ತುದಿಯಲ್ಲಿ ಪೇ, ನೂನ್ ಎಂಬ ಎರಡು ಹಿಬ್ರೂ ಅಕ್ಷರ ಇರುತ್ತದೆ. ‘ಇಲ್ಲಿ ಹೂಳಲಾಗಿದೆ’ ಎಂದರ್ಥ. ಬಿಡಿಸಿದರೆ ಪೋ ನಿಕ್ಬರ್ ಆಗಬಹುದು, ಪೋ ನಿತ್ಮನ್ ಕೂಡ ಆಗಬಹುದು. ಎರಡೂ ನೂನ್‌ನಿಂದಲೇ ಶುರು. ಹೆಣ್ಣಾದರೆ ಕ್ರಿಯಾರೂಪ ಬೇರೆ. ಆದ್ದರಿಂದ ‘ಪೋ ನಿಕ್ಬರ್’ ಎಂದು ನೇರ ಬೆರಳಚ್ಚಿಸಿದರೆ ಕಲ್ಲಿನಲ್ಲಿ ಇಲ್ಲದ್ದನ್ನು ಇದೆ ಎಂದ ಹಾಗಾಯಿತು. ಪಾಠದ ಕೋಶದಲ್ಲಿ ಎರಡಕ್ಷರ ಮಾತ್ರ, ಬಿಡಿಸಿದ್ದು ಪಕ್ಕದ ಕೋಶದಲ್ಲಿ.

ಇನ್ನೊಂದು ಎಲ್ಲರೂ ಬೀಳುವ ಗುಂಡಿ: ಅಪ್ಪನ ಹೆಸರಿನ ಮುಂದಿನ ಬೇತ್-ರೇಶ್. ಅದನ್ನು ‘ರಬ್ಬಿಯ (ಯಹೂದಿ ಧರ್ಮಗುರುವಿನ) ಮಗ’ ಎಂದು ಓದಿ ಊರಿನ ಅರ್ಧ ಜನರನ್ನು ರಬ್ಬಿಗಳನ್ನಾಗಿ ಮಾಡುತ್ತಾರೆ. ಬಹುಪಾಲು ಕಡೆ ಅಲ್ಲಿರುವ ರೆಬ್ ನಮ್ಮ ‘ಶ್ರೀ’ ಇದ್ದ ಹಾಗೆ, ಬರೀ ಗೌರವವಾಚಕ. ಕಾಫ್-ತ್ಸಾದಿ ಬಂದರೆ ಕಾತ್ಸ್, ಅಂದರೆ ಕೊಹೇನ್ (ಪುರೋಹಿತ) ಮನೆತನ. ಸಾಮೆಖ್-ಗಿಮೆಲ್-ಲಾಮೆದ್ ಬಂದರೆ ಸೆಗಲ್, ಅಂದರೆ ಲೇವಿ (ದೇವಾಲಯದ ಸೇವಕರ) ಮನೆತನ. ಇವನ್ನು ಅಡ್ಡಹೆಸರಿನ ಕೋಶಕ್ಕೆ ಹಾಕಿ, ಮನೆತನದ ಕೋಶದಲ್ಲೂ ಗುರುತು ಮಾಡಿ. ಕಲ್ಲಿನ ಮೇಲೆ ಎರಡು ಅಂಗೈ ಕೆತ್ತನೆ ಇದ್ದರೆ ಕೊಹೇನ್, ನೀರಿನ ಹೂಜಿ ಇದ್ದರೆ ಲೇವಿ. ಪಾಠ ಅಳಿದಿದ್ದರೂ ಚಿತ್ರ ಉಳಿದಿರುತ್ತದೆ, ಅದಕ್ಕೆ ಚಿಹ್ನೆಗೂ ಒಂದು ಕೋಶ ಬೇಕೇ ಬೇಕು. ಸಿಂಹವೋ ಜಿಂಕೆಯೋ ಇದ್ದರೆ ಅದು ಬರೀ ಅಲಂಕಾರವೂ ಆಗಿರಬಹುದು, ಹೆಸರಿನ ಸೂಚನೆಯೂ ಆಗಿರಬಹುದು: ಯೆಹೂದಾ ಲೈಬ್‌ಗೆ ಸಿಂಹ, ತ್ಸ್ವಿ ಹಿರ್ಶ್‌ಗೆ ಜಿಂಕೆ, ದೋವ್ ಬೇರ್‌ಗೆ ಕರಡಿ. ಹಾಗೆಂದು ಸಿಂಹ ನೋಡಿದ ತಕ್ಷಣ ಹೆಸರು ತುಂಬಬೇಡಿ.

ಕಲ್ಬರಹ:
ಅಂದರೆ ನಮ್ಮ ಶಾಸನ ಸಂಪುಟಗಳಲ್ಲಿ ಕಂಸ ಹಾಕುವ ಪದ್ಧತಿಯೇ ತಾನೆ?

ಅಲೆಫ್ ಬೇತ್:
ಹೌದು, ತತ್ತ್ವ ಅದೇ. 1931ರ ಲೈಡನ್ ಪದ್ಧತಿ ಎನ್ನುತ್ತಾರೆ. ಚೌಕ ಕಂಸದಲ್ಲಿ ಒಡೆದುಹೋದ ಜಾಗಕ್ಕೆ ಸಂಪಾದಕರು ತುಂಬಿದ್ದು, ದುಂಡು ಕಂಸದಲ್ಲಿ ಸಂಕ್ಷೇಪ ಬಿಡಿಸಿದ್ದು, ಅಕ್ಷರದ ಕೆಳಗೆ ಚುಕ್ಕಿ ಇದ್ದರೆ ‘ಅನುಮಾನ’. ಎಪಿಡಾಕ್‌ನಲ್ಲಿ ಇದೇ ಮೂರಕ್ಕೆ ಮೂರು ಟ್ಯಾಗ್. ಖಾಲಿ ಬಿಟ್ಟ ಜಾಗಕ್ಕೆ ಎಷ್ಟು ಅಕ್ಷರ ಹೋಗಿರಬಹುದು ಎಂಬ ಸಂಖ್ಯೆಯನ್ನೂ ಬರೆಯಬೇಕು. ಸಾಲು ಮುರಿಯುವುದನ್ನು ಕಲ್ಲಿನಲ್ಲಿ ಇದ್ದಂತೆಯೇ ಇಡಿ. ಕೆಲವು ಕಲ್ಲುಗಳಲ್ಲಿ ಸಾಲಿನ ಮೊದಲಕ್ಷರಗಳನ್ನು ಮೇಲಿಂದ ಕೆಳಗೆ ಓದಿದರೆ ಸತ್ತವರ ಹೆಸರು ಬರುತ್ತದೆ. ಸಾಲುಗಳನ್ನು ಒಟ್ಟುಗೂಡಿಸಿದರೆ ಆ ಹೆಸರು ಮಾಯ.

ಕಂಪ್ಯೂಟರಿನ ಎರಡು ಕಾಟ. ಹಿಬ್ರೂ ಬಲದಿಂದ ಎಡಕ್ಕೆ. ಕಂಸ ಮತ್ತು ಅಂಕಿ ಸೇರಿದ ಕೂಡಲೇ ಪರದೆಯ ಮೇಲೆ ಕಂಸ ತಿರುಗುಮುರುಗಾಗಿ ಕಾಣುತ್ತದೆ. ಕಣ್ಣಿಗೆ ಸರಿ ಕಾಣಲಿ ಎಂದು ಕಂಸವನ್ನು ಅದಲುಬದಲು ಮಾಡಿದಿರೋ, ಒಳಗಿನ ಡೇಟಾ ಕೆಟ್ಟಿತು. ಕೋಶದ ದಿಕ್ಕನ್ನು ಬಲ-ಎಡ ಎಂದು ಬದಲಿಸಿ, ಅಕ್ಷರಗಳನ್ನು ಮುಟ್ಟಬೇಡಿ. ಎರಡನೆಯದು, ಸಂಕ್ಷೇಪ ತೋರಿಸುವ ಜೋಡಿಗೆರೆ, ಗೆರ್ಶಾಯಿಮ್. ಅದಕ್ಕೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಚಿಹ್ನೆ ಇದೆ. ಅದರ ಬದಲು ಸಾಮಾನ್ಯ ಉದ್ಧರಣ ಚಿಹ್ನೆ ಒತ್ತಿದರೆ, ಸಿಎಸ್‌ವಿ (ಕೋಶಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ) ಕಡತ ಬೇರೆ ತಂತ್ರಾಂಶಕ್ಕೆ ಹೋಗುವಾಗ ಆ ಸಾಲು ಅಲ್ಲೇ ಒಡೆದು ಮುಂದಿನ ಕೋಶಗಳೆಲ್ಲ ಒಂದು ಮನೆ ಪಕ್ಕಕ್ಕೆ ಸರಿಯುತ್ತವೆ.

ಪಂಚಾಂಗಿ:
ತಾರೀಖಿನ ವಿಷಯ ಯಾರೂ ಎತ್ತಲಿಲ್ಲ. ಡೇಟಾಬೇಸ್‌ಗಳಲ್ಲಿ ಅತಿ ಹೆಚ್ಚು ತಪ್ಪು ಇರುವ ಕೋಶ ಅದೇ.

ಹಿಬ್ರೂ ವರ್ಷವನ್ನು ಅಕ್ಷರಗಳಲ್ಲಿ ಬರೆಯುತ್ತಾರೆ. ಅಕ್ಷರಕ್ಕೆ ಅಂಕಿ ಕೊಡುವ ನಮ್ಮ ಕಟಪಯಾದಿ ನೆನಪಾಗುತ್ತದೆ, ಆದರೆ ವ್ಯತ್ಯಾಸ ಇದೆ. ಕಟಪಯಾದಿಯಲ್ಲಿ ಸ್ಥಾನಬೆಲೆ ಉಂಟು: ಧೀರ ಎಂದರೆ 9, 2, ತಿರುಗಿಸಿದರೆ 29, ಮೇಳಕರ್ತ ರಾಗಗಳಲ್ಲಿ ಶಂಕರಾಭರಣದ ಸಂಖ್ಯೆ. ಹಿಬ್ರೂವಿನಲ್ಲಿ ಬರೀ ಕೂಡುವುದು. ತಾವ್ 400, ಕೋಫ್ 100, ತ್ಸಾದಿ 90, ಖೇತ್ 8, ಒಟ್ಟು 598. ಸಾವಿರವನ್ನು ಬಿಟ್ಟು ಬರೆದಿದ್ದೇವೆ ಎಂದು ಸೂಚಿಸಲು ಕೊನೆಗೆ ಲಾಮೆದ್-ಪೇ-ಕೋಫ್ ಇರುತ್ತದೆ. 5000 ಸೇರಿಸಿ, 5598. ಕೂಡುವ ಲೆಕ್ಕವಾದ್ದರಿಂದ ಅಕ್ಷರಗಳ ಕ್ರಮ ಬದಲಾದರೂ ಮೊತ್ತ ಬದಲಾಗದು. 5698ನ್ನು ಕ್ರಮವಾಗಿ ಬರೆದರೆ ‘ಕೊಲೆ ಮಾಡು’ ಎಂಬ ಅರ್ಥ ಬರುವುದರಿಂದ ಕೊನೆಯ ಎರಡಕ್ಷರ ಅದಲುಬದಲು ಮಾಡಿ ಕೆತ್ತಿರುವುದುಂಟು. ಅದನ್ನು ಕೆತ್ತುವವನ ತಪ್ಪು ಎಂದು ತಿದ್ದಬೇಡಿ.

ಕ್ರಿಸ್ತಶಕಕ್ಕೆ ತರಲು: ಹಿಬ್ರೂ ವರ್ಷದ ಮೊದಲ ಮೂರಾದ ತಿಶ್ರಿ, ಖೆಶ್ವಾನ್, ಕಿಸ್ಲೇವ್ ತಿಂಗಳಿಗೆ ಸಾಮಾನ್ಯವಾಗಿ 3761 ಕಳೆಯಿರಿ, ಶ್ವಾತ್‌ನಿಂದ ಎಲೂಲ್ ತನಕ 3760. ನಡುವಿನ ತೇವೇತ್‌ನಲ್ಲಿ ಬಹುತೇಕ ಜನವರಿ 1 ಬಂದುಹೋಗುತ್ತದೆ, ಅಲ್ಲಿ ದಿನ ನೋಡಿಯೇ ನಿರ್ಧರಿಸಬೇಕು. ತಿಂಗಳು ಅಳಿದುಹೋಗಿದ್ದರೆ 5598ನ್ನು 1837/38 ಎಂದೇ ಬರೆಯಿರಿ. 1838 ಎಂದು ಒಂದನ್ನೇ ಆರಿಸಿದರೆ ಅದು ಊಹೆ. ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಸಂಜೆ ಏಳಕ್ಕೆ ತೀರಿಕೊಂಡವರ ಹಿಬ್ರೂ ತಾರೀಖು ಮತ್ತು ಪುರಸಭೆಯ ದಾಖಲೆ ಒಂದು ದಿನ ವ್ಯತ್ಯಾಸವಾಗುವುದು ತಪ್ಪಲ್ಲ. 19 ವರ್ಷಕ್ಕೆ 7 ಅಧಿಕಮಾಸ ಬರುತ್ತವೆ. ಆ ವರ್ಷ ಅದಾರ್ ತಿಂಗಳು ಎರಡು. ಕಲ್ಲಿನಲ್ಲಿ ಬರೀ ಅದಾರ್ ಎಂದಿದ್ದರೆ ಹಾಗೆಯೇ ಬಿಡಿ. ರಷ್ಯಾ ಸಾಮ್ರಾಜ್ಯದ ಊರುಗಳಾದರೆ 1918ರ ತನಕ ಸರಕಾರಿ ದಾಖಲೆ ಜೂಲಿಯನ್ ಕ್ಯಾಲೆಂಡರಿನಲ್ಲಿದೆ ಎಂಬುದೂ ನೆನಪಿರಲಿ.

ಈಗ ಮುಖ್ಯ ಉಪಾಯ. ಬಹಳ ಕಲ್ಲುಗಳಲ್ಲಿ ವಾರವೂ ಇರುತ್ತದೆ. ಓದಿದ ತಾರೀಖಿಗೆ ವಾರ ಲೆಕ್ಕ ಹಾಕಿ ಹೋಲಿಸಿ. ಸವೆದ ಕಲ್ಲಿನಲ್ಲಿ ಖೇತ್ ಮತ್ತು ಹೇ ಒಂದೇ ತರಹ ಕಾಣುತ್ತವೆ: 8 ಮತ್ತು 5, ಮೂರು ವರ್ಷದ ತಪ್ಪು. ಬೇತ್ ಮತ್ತು ಕಾಫ್: 2 ಮತ್ತು 20. ದಾಲೆತ್ ಮತ್ತು ರೇಶ್: 4 ಮತ್ತು 200! ವಾರ ಹೊಂದದಿದ್ದರೆ ಈ ಜೋಡಿಗಳನ್ನು ಒಂದೊಂದಾಗಿ ಬದಲಿಸಿ ನೋಡಿ. ವಾರ ಹೊಂದಿದರೂ ಅದು ಪೂರ್ತಿ ಸಾಕ್ಷಿಯಲ್ಲ, ಏಳರಲ್ಲಿ ಒಂದು ಸಲ ಸುಮ್ಮನೆ ಹೊಂದಬಹುದು. ಇನ್ನೂ ಒಂದು ಬಿಗಿ ಇದೆ: ಹೊಸವರ್ಷದ ದಿನ, ತಿಶ್ರಿ 1, ಎಂದಿಗೂ ಭಾನುವಾರ, ಬುಧವಾರ, ಶುಕ್ರವಾರ ಬರುವುದಿಲ್ಲ. ನಿಸಾನ್ 15 ಸೋಮ, ಬುಧ, ಶುಕ್ರ ಬರುವುದಿಲ್ಲ. ಈ ನಿಯಮ ಮುರಿದರೆ ನಿಮ್ಮ ಓದು ತಪ್ಪು, ಇಲ್ಲವೇ ಕೆತ್ತಿದವನ ಕೈತಪ್ಪು.

ಬೈಬಲ್ ವಾಕ್ಯದೊಳಗೆ ಕೆಲವು ಅಕ್ಷರಗಳ ಮೇಲೆ ಚುಕ್ಕಿ ಇಟ್ಟು ವರ್ಷ ಹುದುಗಿಸುವ ಶೋಕಿಯೂ ಇದೆ. ಅಲ್ಲಿ ಒಂದು ಚುಕ್ಕಿ ಸವೆದರೆ ವರ್ಷ ಕಮ್ಮಿಯಾಗುತ್ತದೆ. ಅಂಥ ಕಲ್ಲಿಗೆ ‘ಇದಕ್ಕಿಂತ ಹಿಂದಿನದಲ್ಲ’ ಎಂದು ಟಿಪ್ಪಣಿ ಹಾಕುವುದು ಕ್ಷೇಮ.

ಕೊಚ್ಚಿ ಕಡೆ:
ಪಂಚಾಂಗಿ ಅವರೇ, ನಮ್ಮ ಕರಾವಳಿಗೆ ಬಂದರೆ 3760 ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಯೆಮನ್‌ನಲ್ಲಿ ಮತ್ತು ಕೊಚ್ಚಿಯವರಲ್ಲಿ ಸೆಲ್ಯೂಸಿಡ್ ಶಕೆ (ಕ್ರಿ.ಪೂ. 312ರಿಂದ ಎಣಿಸುವುದು) ಬಹಳ ಕಾಲ ಬಳಕೆಯಲ್ಲಿತ್ತು. ಶಾಲಿವಾಹನ ಶಕೆಗೆ 78 ಕೂಡುತ್ತೇವಲ್ಲ, ಅಲ್ಲಿ 312 ಕಳೆಯಬೇಕು. ಜನವರಿ ಅಥವಾ ಅದರ ನಂತರದ ತಿಂಗಳಾದರೆ 311. 1581 ಎಂದು ಕಂಡರೆ ಅದು ಕ್ರಿಸ್ತಶಕ 1269/70.

ಭಾರತದಲ್ಲಿ ಉಳಿದಿರುವ ಅತಿ ಹಳೆಯ ಹಿಬ್ರೂ ಗೋರಿಕಲ್ಲು 1269ರದು, ಇಸ್ರೇಲ್ ಎಂಬವರ ಮಗಳು ಸಾರಾಳದು. ಈಗ ಕೇರಳದ ಚೇಂದಮಂಗಲದ ಸಿನಗಾಗ್ (ಯಹೂದಿ ಪ್ರಾರ್ಥನಾಮಂದಿರ) ಎದುರು ನಿಲ್ಲಿಸಿದ್ದಾರೆ. ಆದ್ದರಿಂದ ಡೇಟಾಬೇಸಿನಲ್ಲಿ ‘ಶಕೆ’ ಎಂಬುದಕ್ಕೇ ಒಂದು ಕೋಶ ಇರಲಿ.

ಮುಂಬಯಿ, ಕೊಂಕಣದ ಬೆನೆ ಇಸ್ರೇಲ್ ಎಂಬ ಮರಾಠಿ ಮಾತಾಡುವ ಯಹೂದಿಗಳ ಕಲ್ಲುಗಳಲ್ಲಿ ಹಿಬ್ರೂ ಜೊತೆ ನಾಗರಿಯಲ್ಲಿ ಮರಾಠಿ, ಇಂಗ್ಲಿಷ್ ಎಲ್ಲವೂ ಇರುತ್ತವೆ. ಪ್ರತಿ ಭಾಷೆಯ ಪಾಠವನ್ನೂ ಬೇರೆ ಬೇರೆಯಾಗಿ ದಾಖಲಿಸಿ, ಒಂದು ಇನ್ನೊಂದರ ಅನುವಾದ ಎಂದುಕೊಳ್ಳಬೇಡಿ. ಹಿಬ್ರೂವಿನಲ್ಲಿ ಅಪ್ಪನ ಹೆಸರು ಮಾತ್ರ ಇದ್ದು, ಮರಾಠಿಯಲ್ಲಿ ‘ಕರ್’ ಎಂದು ಮುಗಿಯುವ ಊರಿನ ಅಡ್ಡಹೆಸರು ಇರಬಹುದು. ಆ ಊರಿನ ಹೆಸರೇ ಮುಂದೆ ನಕ್ಷೆಗೆ ಒಂದು ಹೊಸ ಪದರ.

ನಕ್ಷೆಪಟ್ಟಿ:
ನಕ್ಷೆಯ ವಿಷಯಕ್ಕೆ ಬರೋಣ. ಕಲ್ಬರಹ ಅವರೇ, ಫೋನಿನ ಜಿಪಿಎಸ್‌ನಿಂದ ಕಲ್ಲು ಕಲ್ಲಿಗೆ ಬಿಂದು ಹಾಕಿದರೆ ನಕ್ಷೆ ಆಗುವುದಿಲ್ಲ, ರಂಗೋಲಿ ಆಗುತ್ತದೆ. ಬಯಲಿನಲ್ಲೇ ಸುಮಾರು 5 ಮೀಟರ್ ತಪ್ಪು. ಮರದ ಕೆಳಗೆ ಇನ್ನೂ ಹೆಚ್ಚು. ಗೋರಿಗಳ ನಡುವೆ ಇರುವುದು ಒಂದು ಮೀಟರೂ ಇಲ್ಲ. ಸಾಲು 3ರ ಕಲ್ಲು ಸಾಲು 7ರಲ್ಲಿ ಕುಳಿತಿರುತ್ತದೆ.

ಕ್ರಮ ಹೀಗಿರಲಿ. ಮೊದಲು ಕಾಗದ, ಪೆನ್ಸಿಲ್. ಗೇಟಿನಿಂದ ಶುರುಮಾಡಿ ವಿಭಾಗ, ಸಾಲು, ಸಂಖ್ಯೆ ಕೊಡಿ; ಬಿದ್ದ ಕಲ್ಲಿಗೂ, ಬರಹವಿಲ್ಲದ ಕಲ್ಲಿಗೂ, ಕಲ್ಲಿಲ್ಲದ ಗೋರಿಗೂ ಸಂಖ್ಯೆ ಇರಬೇಕು. ಸಂಖ್ಯೆಯೊಳಗೆ ಹೆಸರು ಸೇರಿಸಬೇಡಿ. ನಾಳೆ ಓದು ಬದಲಾದರೆ ಸಂಖ್ಯೆಯೂ ಬದಲಾಗಬೇಕಾಗುತ್ತದೆ. ಪ್ರತಿ ಕಲ್ಲಿನ ಚಿತ್ರ ತೆಗೆಯುವ ಮೊದಲು ಸ್ಲೇಟಿನ ಮೇಲೆ ಆ ಸಂಖ್ಯೆ ಬರೆದು ಅದರದೊಂದು ಚಿತ್ರ. ಆಮೇಲೆ ಮುಂದೆ, ಹಿಂದೆ, ಪಕ್ಕ, ಅಳತೆಪಟ್ಟಿಯೊಂದಿಗೆ. ಹಿಂಬದಿಯಲ್ಲೂ ಬರಹ ಇರುತ್ತದೆ ಎಂಬುದನ್ನು ಮರೆತು ಎರಡನೇ ಸಲ ಹೋಗುವವರೇ ಹೆಚ್ಚು.

ಆಮೇಲೆ ಮೇಲಿನಿಂದ ಒಂದು ಚಿತ್ರನಕ್ಷೆ. ಡ್ರೋನ್ 30 ಮೀಟರ್ ಎತ್ತರದಲ್ಲಿ ಹಾರಿದರೆ ಮಾಮೂಲಿ ಕ್ಯಾಮೆರಾಗೆ ಪಿಕ್ಸೆಲ್‌ಗೆ ಸುಮಾರು 1 ಸೆಂಟಿಮೀಟರ್ ಸಿಗುತ್ತದೆ. ಒಂದರ ಮೇಲೊಂದು ಚಿತ್ರ ಮುಂದಕ್ಕೆ ಶೇ. 80, ಪಕ್ಕಕ್ಕೆ ಶೇ. 70 ಹೊದೆಯಲಿ. ನೆಲದಲ್ಲಿ ಕನಿಷ್ಠ ಐದು ಗುರುತುಫಲಕ ಇಟ್ಟು ಅವುಗಳ ಸ್ಥಾನವನ್ನು ಮಾತ್ರ ಆರ್‌ಟಿಕೆ (ಅತಿ ನಿಖರ ಜಿಪಿಎಸ್) ಉಪಕರಣದಿಂದ ಅಳೆಯಿರಿ. ಆಗ ತಪ್ಪು ಕೆಲವೇ ಸೆಂಟಿಮೀಟರ್. ವೆಬ್‌ಒಡಿಎಂ ತಂತ್ರಾಂಶ ಉಚಿತ, ಚಿತ್ರಗಳನ್ನು ಹೊಲಿದು ಕೊಡುತ್ತದೆ. ಅದನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದು ಪ್ರತಿ ಗೋರಿಯ ಅಂಚನ್ನು ಎಳೆಯಿರಿ, ಕಾಗದದ ಸಂಖ್ಯೆಯನ್ನು ಅದಕ್ಕೆ ಕೊಡಿ. ಪಾಠದ ಹಾಳೆ ಮತ್ತು ನಕ್ಷೆಯನ್ನು ಜೋಡಿಸುವ ಕೊಂಡಿ ಆ ಸಂಖ್ಯೆಯೊಂದೇ. ಯುರೋಪಿನಲ್ಲಿ ಯಹೂದಿ ಸ್ಮಶಾನಗಳನ್ನು ರಕ್ಷಿಸುವ ಇಎಸ್‌ಜೆಎಫ್ ಸಂಸ್ಥೆ ಡ್ರೋನ್ ಬಳಸಿ ಬಹಳಷ್ಟು ಸ್ಮಶಾನಗಳ ಗಡಿ ಅಳೆದಿದೆ. ಅಲ್ಲಿ ಎಲೆ ಉದುರಿದ ಮೇಲೆ ಹಾರಿಸುವುದು ಜಾಣತನ. ನಮ್ಮಲ್ಲಿ ಮರ ಬೋಳಾಗುವುದನ್ನು ಕಾಯುತ್ತ ಕೂರಲಾಗದು, 4 ಮೀಟರ್ ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿ ಸಾಲುಸಾಲಾಗಿ ನಡೆಯಿರಿ. ಡ್ರೋನ್ ಆದರೆ 2021ರ ನಿಯಮದ ಪ್ರಕಾರ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗದ ಬಣ್ಣ (ಹಾರಿಸಲು ಅನುಮತಿ ಬೇಕೇ ಎಂಬುದರ ಗುರುತು) ನೋಡಿಯೇ ಮೇಲಕ್ಕೆತ್ತಿ.

ನಿರ್ದೇಶಾಂಕದ ಎರಡು ಎಡವಟ್ಟು. ಜಿಯೋಜೇಸನ್ ಎಂಬ ನಕ್ಷೆ ಕಡತದಲ್ಲಿ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ಅದಲುಬದಲಾದರೆ ಬೆಂಗಳೂರಿನ ಗೋರಿಗಳೆಲ್ಲ ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ಬಳಿ ತೇಲುತ್ತವೆ. ಇನ್ನೊಂದು, ಉದ್ದಳತೆ ಬೇಕಾದರೆ ಮೀಟರ್ ಆಧಾರಿತ ಪದ್ಧತಿಗೆ ಬದಲಿಸಿ: ಬೆಂಗಳೂರು, ಕೊಚ್ಚಿ, ಮುಂಬಯಿಗೆ ಇಪಿಎಸ್‌ಜಿ (ನಿರ್ದೇಶಾಂಕ ಪದ್ಧತಿಯ ಸಂಕೇತಸಂಖ್ಯೆ) 32643, ಚೆನ್ನೈಗೆ 32644.

ರೈನ್ ದಡ:
ಜರ್ಮನಿಯ ನಕ್ಷೆಗಳಿಗೆ ಒಂದು ಸೇರ್ಪಡೆ. ಅಲ್ಲಿನ ಸರಕಾರಿ ನಕ್ಷೆ ಯುರೋಪಿನ ನಿರ್ದೇಶಾಂಕ ಪದ್ಧತಿಯಾದ ಇಟಿಆರ್‌ಎಸ್89ರಲ್ಲಿದೆ (ಇಪಿಎಸ್‌ಜಿ 25832). ಜಿಪಿಎಸ್ ಕೊಡುವುದು ಜಾಗತಿಕ ಪದ್ಧತಿಯಾದ ಡಬ್ಲ್ಯುಜಿಎಸ್84. ಭೂಖಂಡ ಸರಿಯುವುದರಿಂದ ಎರಡರ ನಡುವೆ ಈಗ ಮುಕ್ಕಾಲು ಮೀಟರಿಗೂ ಮೇಲೆ ಅಂತರ ಬಂದಿದೆ. ಕ್ಯೂಜಿಐಎಸ್ ಸಾಮಾನ್ಯವಾಗಿ ಎರಡನ್ನೂ ಒಂದೇ ಎಂದು ಬಗೆದು ಮುಂದೆ ಹೋಗುತ್ತದೆ. ರಸ್ತೆನಕ್ಷೆಗೆ ಅದು ಲೆಕ್ಕಕ್ಕಿಲ್ಲ. ಗೋರಿಗೆ ಅಂದರೆ ಪಕ್ಕದವರ ಗೋರಿ.

ಅದಕ್ಕಿಂತ ಮುಖ್ಯ: ‘ಕಲ್ಲು ಇರುವ ಜಾಗ’ ಮತ್ತು ‘ದೇಹ ಇರುವ ಜಾಗ’ ಎರಡು ಬೇರೆ ಕೋಶ. ಪ್ರಾಗ್‌ನ ಹಳೆ ಸ್ಮಶಾನದಲ್ಲಿ ಸುಮಾರು 12,000 ಕಲ್ಲು ಒತ್ತಾಗಿ ನಿಂತಿವೆ, ಅತಿ ಹಳೆಯದು 1439ರದು. ಜಾಗವಿಲ್ಲದೆ ಮಣ್ಣು ಹಾಕಿ ಪದರ ಪದರವಾಗಿ ಹೂಳಿ, ಕೆಳಗಿನ ಕಲ್ಲನ್ನು ಮೇಲಕ್ಕೆ ತಂದರು. ಪೋಲೆಂಡಿನಲ್ಲಿ ನಾತ್ಸಿಗಳು ಕಲ್ಲುಗಳನ್ನು ಕಿತ್ತು ರಸ್ತೆಗೆ ಹಾಸಿದರು. ಮರಳಿ ಬಂದವು ಗೋಡೆಗೆ ಒರಗಿ ನಿಂತಿವೆ. ಅಂಥವಕ್ಕೆ ಗೋರಿಯ ಬಿಂದು ಹಾಕಿದರೆ ಸುಳ್ಳು. ಫ್ರಾಂಕ್‌ಫರ್ಟ್ ಇನ್ನೂ ಕಷ್ಟ: ಸ್ಮಶಾನದ ಬಹುಭಾಗ ನಾತ್ಸಿ ಕಾಲದಲ್ಲಿ ಹಾಳಾಯಿತು, ಎಷ್ಟೋ ಕಲ್ಲಿಗೆ ರಬ್ಬಿ ಮಾರ್ಕುಸ್ ಹೊರೊವಿಟ್ಸ್ 1901ರಲ್ಲಿ ಅಚ್ಚು ಹಾಕಿಸಿದ ಪಾಠವೇ ಉಳಿದಿರುವ ಸಾಕ್ಷಿ. ಆಗ ‘ಪಾಠದ ಆಧಾರ: ಕಲ್ಲೇ, ಹಳೆ ಚಿತ್ರವೇ, ಅಚ್ಚಾದ ಪುಸ್ತಕವೇ’ ಎಂಬ ಕೋಶ ಇಲ್ಲದಿದ್ದರೆ ಓದುಗರು ಇಲ್ಲದ ಕಲ್ಲನ್ನು ಹುಡುಕಿಕೊಂಡು ಹೋಗುತ್ತಾರೆ.

ಕಲ್ಬರಹ:
ಸವೆದು ಓದಲಾಗದ ಕಲ್ಲಿಗೆ ಏನು? ನಮ್ಮಲ್ಲಿ ಮೈದಾಹಿಟ್ಟು, ಸುಣ್ಣದ ಪುಡಿ ಬಳಿಯುತ್ತಾರೆ. ಪಡಿಯಚ್ಚು ತೆಗೆಯಬಹುದೇ?

ನಕ್ಷೆಪಟ್ಟಿ:
ಹಿಟ್ಟು, ಪುಡಿ ಬೇಡವೇ ಬೇಡ. ಹಿಟ್ಟು ಮರಳುಗಲ್ಲಿನ ರಂಧ್ರದಲ್ಲಿ ಕುಳಿತು ಬೂಷ್ಟು ಬೆಳೆಸುತ್ತದೆ. ಒದ್ದೆ ಕಾಗದ ಹೊಡೆದು ತೆಗೆಯುವ ಪಡಿಯಚ್ಚು ಗಟ್ಟಿ ಕಲ್ಲಿಗೆ ಸರಿ, ಪದರ ಬಿಡುತ್ತಿರುವ ಮರಳುಗಲ್ಲಾದರೆ ಅಕ್ಷರವೇ ಕಾಗದಕ್ಕೆ ಅಂಟಿ ಬರುತ್ತದೆ. ತಂತಿ ಬ್ರಷ್ ಅಂತೂ ಮುಟ್ಟಲೇ ಬೇಡಿ. ಶುದ್ಧ ನೀರು, ಮೃದು ಬ್ರಷ್, ಅಷ್ಟೇ.

ಬೇಕಾದದ್ದು ಓರೆಬೆಳಕು. ನಿಂತ ಕಲ್ಲಿಗೆ ಬೆಂಗಳೂರಿನ ನಡುಮಧ್ಯಾಹ್ನವೇ ವರ: ಏಪ್ರಿಲ್, ಆಗಸ್ಟ್‌ನಲ್ಲಿ ಸೂರ್ಯ ನೆತ್ತಿಯ ಮೇಲಿರುವಾಗ ಬೆಳಕು ಕಲ್ಲಿನ ಮುಖವನ್ನು ಸವರಿಕೊಂಡು ಇಳಿಯುತ್ತದೆ. ಮಲಗಿಸಿದ ಚಪ್ಪಡಿಗೆ ಬೆಳಗ್ಗೆ ಏಳು ಅಥವಾ ಸಂಜೆ ಐದೂವರೆ. ನೆರಳಲ್ಲಿರುವ ಕಲ್ಲಿಗೆ ಕನ್ನಡಿಯಿಂದ ಬಿಸಿಲು ತಿರುಗಿಸಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಓರೆ ಹಿಡಿದು ನಾಲ್ಕು ದಿಕ್ಕಿನಿಂದ ನಾಲ್ಕು ಚಿತ್ರ.

ಅದಕ್ಕೂ ಬಗ್ಗದಿದ್ದರೆ ಆರ್‌ಟಿಐ. (ಮಾಹಿತಿ ಹಕ್ಕಲ್ಲ, ಬೆಳಕಿನ ದಿಕ್ಕು ಬದಲಿಸುವ ಚಿತ್ರತಂತ್ರ, ಎಚ್‌ಪಿ ಪ್ರಯೋಗಾಲಯದಲ್ಲಿ 2001ರಲ್ಲಿ ಹುಟ್ಟಿದ್ದು.) ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಅಲುಗದಂತೆ, ಕಲ್ಲಿನ ಪಕ್ಕ ಹೊಳೆಯುವ ಎರಡು ಕಪ್ಪು ಗೋಲಿ, ಚಿತ್ರದಲ್ಲಿ ಒಂದೊಂದೂ 200 ಪಿಕ್ಸೆಲಿಗಿಂತ ದೊಡ್ಡದಾಗಿ ಬರಬೇಕು. ಫ್ಲ್ಯಾಷನ್ನು 15ರಿಂದ 65 ಡಿಗ್ರಿ ಎತ್ತರಗಳಲ್ಲಿ ಸುತ್ತಿಸುತ್ತ 48ರಿಂದ 60 ಚಿತ್ರ. ಪ್ರತಿ ಸಲ ದೂರ ಒಂದೇ ಇರಲು ಫ್ಲ್ಯಾಷಿಗೆ ದಾರ ಕಟ್ಟಿ. ದಾರದ ಉದ್ದ ಕಲ್ಲಿನ ಉದ್ದದ ಮೂರ್ನಾಲ್ಕು ಪಟ್ಟು, 80 ಸೆಂಟಿಮೀಟರ್ ಕಲ್ಲಿಗೆ 2.4ರಿಂದ 3.2 ಮೀಟರ್. ಒಂದು ಕಲ್ಲಿಗೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ, ಅದಕ್ಕೇ ಎಲ್ಲ ಕಲ್ಲಿಗೂ ಮಾಡಲು ಹೊರಡಬೇಡಿ. ಗಾಳಿಗೆ ಸ್ಟ್ಯಾಂಡ್ ಒಂದು ಮಿಲಿಮೀಟರ್ ಅಲುಗಿದರೂ ಫಲಿತಾಂಶ ಮಂಜು ಮಂಜು. ಸಹಾಯಕ್ಕೆ ಜನವಿಲ್ಲದಿದ್ದರೆ ಸುತ್ತಲೂ 40-60 ಚಿತ್ರ ತೆಗೆದು ಮೆಶ್‌ರೂಮ್ ತಂತ್ರಾಂಶದಲ್ಲಿ ಮೂರು ಆಯಾಮದ ಮಾದರಿ ಮಾಡಿ. ಮೆಶ್‌ಲ್ಯಾಬ್‌ನಲ್ಲಿ ಬಣ್ಣ ತೆಗೆದು ಬರೀ ಉಬ್ಬುತಗ್ಗು ನೋಡಿದರೆ ಪಾಚಿ ಮುಚ್ಚಿದ ಅಕ್ಷರ ಎದ್ದು ಬರುತ್ತದೆ. ಬೆಂಗಳೂರಿನ ಕನ್ನಡ ಶಾಸನಗಳ ಮೇಲೆ ಮಿಥಿಕ್ ಸೊಸೈಟಿಯವರು ಮಾಡುತ್ತಿರುವ ಮೂರು ಆಯಾಮದ ಸ್ಕ್ಯಾನ್‌ಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಅಲೆಫ್ ಬೇತ್:
ಹೋಗುವ ದಿನದ ಬಗ್ಗೆ: ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿ ತನಕ, ಮತ್ತು ಹಬ್ಬದ ದಿನ ಬೇಡ. ಉಸ್ತುವಾರಿಯವರ ಅನುಮತಿ ಮೊದಲೇ ಪಡೆಯಿರಿ. ಗೋರಿಯ ಮೇಲೆ ಇಟ್ಟಿರುವ ಸಣ್ಣ ಕಲ್ಲುಗಳು ಭೇಟಿ ಕೊಟ್ಟವರ ಗುರುತು. ಚಿತ್ರಕ್ಕೆ ಅಡ್ಡಿ ಎಂದು ಗುಡಿಸಬೇಡಿ. ಹೂತ ಕಲ್ಲು ಹುಡುಕಲು ನೆಲ ಅಗೆಯುವುದು, ಸರಳು ಚುಚ್ಚುವುದು ಯಹೂದಿ ಧರ್ಮಶಾಸ್ತ್ರಕ್ಕೆ ವಿರುದ್ಧ. ಇತ್ತೀಚಿನ ಗೋರಿಗಳ ಹೆಸರನ್ನು ಕುಟುಂಬದವರನ್ನು ಕೇಳದೆ ಜಾಲಕ್ಕೆ ಏರಿಸಬೇಡಿ.

ಕಲ್ಬರಹ:
ಕೊನೆಯ ಒಂದು. ಹೆಸರು ಹುಡುಕುವಾಗ ಒಂದೇ ಹೆಸರು ಹತ್ತು ಕಾಗುಣಿತದಲ್ಲಿ ಬರುತ್ತದಲ್ಲ?

ರೈನ್ ದಡ:
ಮೂರು ಕೋಶ ಇಡಿ: ಕಲ್ಲಿನ ಮೇಲಿರುವ ಹಿಬ್ರೂ, ಅದರ ಲಿಪ್ಯಂತರ, ಸರಕಾರಿ ದಾಖಲೆಯ ಹೆಸರು. ಕಲ್ಲಿನ ತ್ಸ್ವಿ ಪುರಸಭೆಯಲ್ಲಿ ಹಿರ್ಶ್, ಮಗನ ಮದುವೆ ಪತ್ರದಲ್ಲಿ ಹರ್ಮನ್. ಜ್ಯೂಯಿಷ್‌ಜೆನ್‌ನಲ್ಲಿ ಹುಡುಕುವಾಗ ಉಚ್ಚಾರ ಆಧಾರಿತ ಆಯ್ಕೆ ಹಾಕಿ. 1985ರ ಡೈಚ್-ಮೊಕೊಟಾಫ್ ಸೂತ್ರ ಪೂರ್ವ ಯುರೋಪಿನ ಹೆಸರುಗಳಿಗೆಂದೇ ಮಾಡಿದ್ದು, ಹೆಚ್ಚು ಬಾಚುತ್ತದೆ. 2008ರ ಬೈಡರ್-ಮೋರ್ಸ್ ಕಮ್ಮಿ ಬಾಚಿ ಹೆಚ್ಚು ಸರಿ ಕೊಡುತ್ತದೆ. ಎರಡೂ ‘ನಾಗಾವ್ಕರ್’ ತರಹದ ಕೊಂಕಣದ ಅಡ್ಡಹೆಸರನ್ನು ಎಣಿಸಿ ಮಾಡಿದ್ದಲ್ಲ; ಅಲ್ಲಿಗೆ ಮೊದಲ ನಾಲ್ಕಕ್ಷರ ಕೊಟ್ಟು ಕಣ್ಣಿನಿಂದಲೇ ಆರಿಸುವುದು ಬೇಗ.